ತಾಜಾ ಕಳಿಸುವುದೋ, ಫ್ರೋಜನ್ ಮಾಡಿ ಕಳಿಸುವುದೋ? ನ್ಹಾವಾ ಶೇವಾದಿಂದ ಆಹಾರ ರಫ್ತು ಮಾಡಹೊರಟವರಿಗೆ

ನವಿ ಮುಂಬೈಯ ವಾಶಿ, ತುರ್ಭೆ, ತಳೋಜಾ ಕಡೆ, ನ್ಹಾವಾ ಶೇವಾ ಬಂದರಿನ ಮೂಲಕ ರಫ್ತಿನ ಕೆಲಸದಲ್ಲಿರುವ ಕನ್ನಡಿಗರಿಗೆ ಎರಡು ಬಗೆಯ ಫೋನು ಬರುತ್ತಿರುತ್ತದೆ. ಒಂದು ವಿಜಯಪುರ, ಅಥಣಿ, ಬಾಗಲಕೋಟೆಯ ದ್ರಾಕ್ಷಿ ಮತ್ತು ದಾಳಿಂಬೆ ಬೆಳೆಗಾರರದ್ದು. "ಅಣ್ಣಾರ, ದುಬೈಗೆ ಒಂದು ಕಂಟೇನರ್ ಕಳಸಬೇಕ್ರಿ, ಬಾಡಿಗಿ ಎಷ್ಟ ಆಗ್ತದ?" ಇನ್ನೊಂದು ಮುಂಬೈ, ಪುಣೆಯಲ್ಲಿ ಹೋಟೆಲು ನಡೆಸುವ ನಮ್ಮ ಉಡುಪಿ, ಮಂಗಳೂರು ಕಡೆಯವರದ್ದು. "ಮಾರಾಯ್ರೆ, ನಮ್ಮ ಇಡ್ಲಿ, ಪತ್ರೊಡೆ ಫ್ರೋಜನ್ ಮಾಡಿ ಅಮೆರಿಕಕ್ಕೆ ಕಳಿಸ್ಲಿಕ್ಕೆ ಆಗ್ತದಾ?" ಇಬ್ಬರೂ ಮೊದಲು ಕೇಳುವುದು ಬಾಡಿಗೆ. ಬಾಡಿಗೆ ವಾರ ವಾರಕ್ಕೆ ಏರಿಳಿಯುತ್ತದೆ, ಅದನ್ನು ಸಾಗಣೆ ಗೊತ್ತುಮಾಡಿಕೊಡುವ ಯಾವ ಫಾರ್ವರ್ಡರ್ ಬೇಕಾದರೂ ಐದು ನಿಮಿಷದಲ್ಲಿ ಹೇಳುತ್ತಾನೆ. ಅದಕ್ಕೂ ಮೊದಲು ಉತ್ತರ ಬೇಕಾದ ಪ್ರಶ್ನೆ ಬೇರೆ: ಆ ಕಡೆ ಬಾಗಿಲು ತೆರೆದ ದಿನ ನಿಮ್ಮ ಮಾಲಿಗೆ ಇನ್ನೂ ಎಷ್ಟು ದಿನ ಬಾಳಿಕೆ ಉಳಿದಿರುತ್ತದೆ? ತಾಜಾ ಕಳಿಸಬೇಕೋ, ಫ್ರೋಜನ್ ಮಾಡಬೇಕೋ, ವಿಮಾನಕ್ಕೆ ಹಾಕಬೇಕೋ, ಅಥವಾ ರೀಫರ್ ಬೇಡವೇ ಬೇಡವೋ ಎಂಬುದನ್ನೆಲ್ಲ ಈ ಒಂದು ಲೆಕ್ಕವೇ ತೀರ್ಮಾನಿಸುತ್ತದೆ.

ರೀಫರ್ ಕಂಟೇನರ್ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ದಪ್ಪ ಇನ್ಸುಲೇಷನ್ ಇರುವ, ಒಂದು ತುದಿಯಲ್ಲಿ ಕೂಲಿಂಗ್ ಯಂತ್ರ ಕೂರಿಸಿದ ಪೆಟ್ಟಿಗೆ ಅದು. ಹಡಗಿನಲ್ಲೂ ಬಂದರಿನ ಯಾರ್ಡಿನಲ್ಲೂ ಪ್ಲಗ್ ಹಾಕಿ ಕರೆಂಟು ಕೊಡುತ್ತಾರೆ, ರಸ್ತೆಯಲ್ಲಿ ಡೀಸೆಲ್ ಜೆನ್‌ಸೆಟ್ ಓಡುತ್ತದೆ. ಮೈನಸ್ 30ರಿಂದ ಪ್ಲಸ್ 30 ಡಿಗ್ರಿ ಸೆಲ್ಸಿಯಸ್‌ವರೆಗೆ ಎಷ್ಟಕ್ಕೆ ಬೇಕಾದರೂ ಇಡಬಹುದು. ಆದರೆ ಬಿಸಿ ಮಾಲನ್ನು ತಣ್ಣಗೆ ಮಾಡುವ ಶಕ್ತಿ ಆ ಯಂತ್ರಕ್ಕಿಲ್ಲ. ತಣ್ಣಗೆ ತುಂಬಿದ್ದನ್ನು ತಣ್ಣಗೇ ಇಟ್ಟುಕೊಂಡು ಹೋಗುವುದಷ್ಟೇ ಅದರ ಕೆಲಸ. ಹೊಸಬರು ಕಳೆದುಕೊಳ್ಳುವ ದುಡ್ಡಿನ ಬಹುಪಾಲು ಇದು ಗೊತ್ತಿಲ್ಲದೆ ಹೋಗುವಂಥದ್ದು.

ದಿನಗಳ ಲೆಕ್ಕ

ನ್ಹಾವಾ ಶೇವಾದಿಂದ ದುಬೈನ ಜೆಬೆಲ್ ಅಲಿಗೆ ನೇರ ಹಡಗಾದರೆ ನಾಲ್ಕೈದು ದಿನ. ಹಾಲೆಂಡಿನ ರಾಟರ್‌ಡ್ಯಾಂಗೆ ಸೂಯೆಜ್ ಕಾಲುವೆಯ ದಾರಿಯಲ್ಲಿ ಮೂರು ವಾರದ ಆಸುಪಾಸು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್ನಿನ ಹೂತಿ ಬಂಡುಕೋರರ ದಾಳಿ ಶುರುವಾದಾಗ ದೊಡ್ಡ ಹಡಗು ಕಂಪನಿಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಅದರಿಂದ ಹತ್ತು ಹದಿನೈದು ದಿನ ಹೆಚ್ಚಾಯಿತು. 2024ರ ದ್ರಾಕ್ಷಿ ಹಂಗಾಮಿಗೆ ಸರಿಯಾಗಿ ಈ ತೊಂದರೆ ಬಂತು. ಆದ್ದರಿಂದ ಬುಕಿಂಗ್ ಮಾಡುವಾಗ "ಎಷ್ಟು ದಿನ" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಈ ವಾರದ ಹಡಗು ಯಾವ ದಾರಿ ಹಿಡಿಯುತ್ತದೆ, ನಡುವೆ ಕೊಲಂಬೊದಲ್ಲೋ ಸಲಾಲಾದಲ್ಲೋ ಇಳಿಸಿ ಬೇರೆ ಹಡಗಿಗೆ ಹತ್ತಿಸುತ್ತಾರಾ ಎಂದು ಕೇಳಿ. ತಾಜಾ ಮಾಲಿಗೆ ಸ್ವಲ್ಪ ಬಾಡಿಗೆ ಹೆಚ್ಚಾದರೂ ನೇರ ಹಡಗೇ ಮೇಲು.

ಹಡಗಿನ ದಿನಗಳ ಮೇಲೆ ಇನ್ನೂ ಸೇರಿಸಬೇಕಾದದ್ದಿದೆ. ಕಟಾವು, ಪ್ರೀಕೂಲಿಂಗ್ (ತುಂಬುವ ಮೊದಲೇ ಮಾಲನ್ನು ತಣ್ಣಗೆ ಮಾಡುವುದು), ಪ್ಯಾಕಿಂಗ್, ರಸ್ತೆ, ಬಂದರಿನ ಕಟ್‌ಆಫ್‌ಗೆ (ಕಂಟೇನರ್ ಒಳಗೆ ಬಿಡುವ ಕೊನೆಯ ಗಡುವಿಗೆ) ಮುಂಚೆ ಕಾಯುವುದು ಎಲ್ಲ ಸೇರಿ ಈ ಕಡೆ ಒಂದು ವಾರ ಸುಲಭವಾಗಿ ಹೋಗುತ್ತದೆ. ಆ ಕಡೆ ಕಸ್ಟಮ್ಸು, ಪರೀಕ್ಷೆ, ಗೋದಾಮು, ಅಂಗಡಿಗೆ ಸಾಗಣೆ ಇನ್ನೊಂದು ವಾರ. ಅಂದರೆ ಮೂರು ವಾರದ ರಾಟರ್‌ಡ್ಯಾಂ ನಿಜದಲ್ಲಿ ಐದು ವಾರ, ಆಫ್ರಿಕಾ ಸುತ್ತಿದರೆ ಏಳು ವಾರ. ಇದನ್ನು ಕಾಗದದ ಮೇಲೆ ಬರೆದು, ನಿಮ್ಮ ಮಾಲಿನ ಬಾಳಿಕೆಯನ್ನು ಪಕ್ಕಕ್ಕಿಟ್ಟು ನೋಡಿ.

ದ್ರಾಕ್ಷಿ ಈ ಪರೀಕ್ಷೆ ಪಾಸಾಗುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ, ತೇವ ಚೆನ್ನಾಗಿದ್ದು, ಡಬ್ಬಿಯೊಳಗೆ ಗಂಧಕದ ಡೈಆಕ್ಸೈಡ್ ಬಿಡುವ ಪ್ಯಾಡ್ ಇಟ್ಟರೆ ಒಳ್ಳೆಯ ಥಾಮ್ಸನ್ ಸೀಡ್‌ಲೆಸ್ ಆರರಿಂದ ಎಂಟು ವಾರ ತಡೆಯುತ್ತದೆ. ದಾಳಿಂಬೆ ಇನ್ನೂ ಗಟ್ಟಿ, 5 ಡಿಗ್ರಿಯಲ್ಲಿ ಎರಡು ತಿಂಗಳು. ಆದರೆ ದ್ರಾಕ್ಷಿಯ ಹಾಗೆ ಸೊನ್ನೆಗೆ ಇಳಿಸಿದರೆ ಸಿಪ್ಪೆ ಕಂದಾಗಿ, ಒಳಗಿನ ಬಿಳಿ ಪೊರೆಯೂ ಕೆಡುತ್ತದೆ. 2025ರ ಆರಂಭದಲ್ಲಿ ಸುಮಾರು 14 ಟನ್ ಭಗವಾ ದಾಳಿಂಬೆ ಮುಂಬೈಯಿಂದ ಸಮುದ್ರದ ದಾರಿಯಲ್ಲಿ ನ್ಯೂಯಾರ್ಕ್ ತಲುಪಿತು. ಅದರ ಹಿಂದೆ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಎಪಿಡಾ ಮತ್ತು ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದ ಶ್ರಮವಿತ್ತು. ವಿಜಯಪುರದವರಿಗೆ ಸೊಲ್ಲಾಪುರ ಪಕ್ಕದ ಊರು. ಆ ಕೇಂದ್ರದ ಬಾಗಿಲು ತಟ್ಟದೆ ದಾಳಿಂಬೆ ರಫ್ತಿಗೆ ಇಳಿಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ದ್ರಾಕ್ಷಿಯವರಿಗೆ ಪುಣೆ ಹತ್ತಿರದ ಮಾಂಜ್ರಿಯಲ್ಲಿ ಅಂಥದ್ದೇ ಕೇಂದ್ರವಿದೆ.

ಬಾಳೆ 13ರಿಂದ 14 ಡಿಗ್ರಿಯಲ್ಲಿ ಹಸಿರಾಗಿಯೇ ಕೊಲ್ಲಿ ರಾಷ್ಟ್ರಗಳಿಗೆ ಆರಾಮವಾಗಿ ಹೋಗುತ್ತದೆ, ಅದಕ್ಕಿಂತ ಕೆಳಗಿಳಿದರೆ ಸಿಪ್ಪೆ ಬೂದು ಬಣ್ಣಕ್ಕೆ ತಿರುಗುತ್ತದೆ. ಮಾವಿನ ಹಣ್ಣಿನ ಮಾತು ಬೇರೆ. ಆಪೂಸಿಗೆ 13 ಡಿಗ್ರಿಗಿಂತ ತಣ್ಣಗೆ ಒಗ್ಗುವುದಿಲ್ಲ, ಆ ಉಷ್ಣಾಂಶದಲ್ಲಿ ಮೂರು ವಾರ ದಾಟುವುದು ಕಷ್ಟ. ದುಬೈಗೆ ಹಡಗು ಸರಿ, ಲಂಡನ್ನಿಗೆ ವಿಮಾನವೇ ಸರಿ. 2022ರಲ್ಲಿ ವಾಶಿಯಲ್ಲಿ ವಿಕಿರಣ ಸಂಸ್ಕರಣೆ ಮಾಡಿದ ಕೇಸರ್ ಮಾವು ಹಡಗಿನಲ್ಲಿ ಅಮೆರಿಕಕ್ಕೆ ಹೋಗಿದ್ದುಂಟು. ಅದು ವಿಜ್ಞಾನಿಗಳ ಉಸ್ತುವಾರಿಯಲ್ಲಿ ನಡೆದ ಪ್ರಯೋಗ. ಮೊದಲ ಸಲ ಕೈ ಹಾಕುವವರು ಅದನ್ನು ನೋಡಿ ಧೈರ್ಯ ಮಾಡುವುದು ಬೇಡ.

ಬೆಂಡೆಕಾಯಿ, ಹಸಿಮೆಣಸು, ನುಗ್ಗೆ, ಕರಿಬೇವು ಇವಕ್ಕೆಲ್ಲ ಹತ್ತು ದಿನದ ಆಯುಸ್ಸು ಸಿಕ್ಕರೆ ದೊಡ್ಡದು. ಕೊಲ್ಲಿಯ ಆಚೆಗೆ ಹಡಗಿನಲ್ಲಿ ತಾಜಾ ಕಳಿಸುವ ಯೋಚನೆಯೇ ಬೇಡ. ಬೆಂಡೆ, ನುಗ್ಗೆ, ತೆಂಗಿನ ತುರಿ, ಅವರೆಕಾಳು ಫ್ರೋಜನ್ ಆಗಿ ಬಹಳ ಚೆನ್ನಾಗಿ ಹೋಗುತ್ತವೆ. ಹೊರದೇಶದ ಕನ್ನಡಿಗರ ಅಡುಗೆಮನೆಯಲ್ಲಿ ಈಗ ಸಾಂಬಾರಿಗೆ ಬೀಳುವ ಬೆಂಡೆ ಬಹುತೇಕ ಫ್ರೋಜನ್ ಪೊಟ್ಟಣದ್ದೇ.

ಪೆಟ್ಟಿಗೆಯೊಳಗೆ ಎರಡೂ ಬೇರೆ

ತಾಜಾ ಮತ್ತು ಫ್ರೋಜನ್ ನಡುವಿನ ವ್ಯತ್ಯಾಸ ಬರೀ ಡಿಗ್ರಿಯದ್ದು ಎಂದು ಜನ ತಿಳಿಯುತ್ತಾರೆ. ಕಿತ್ತ ಹಣ್ಣು ಇನ್ನೂ ಜೀವಂತ. ಅದು ಉಸಿರಾಡುತ್ತದೆ, ಶಾಖ ಬಿಡುತ್ತದೆ, ಕಾರ್ಬನ್ ಡೈಆಕ್ಸೈಡ್ ಮತ್ತು ಹಣ್ಣು ಮಾಗಿಸುವ ಎಥಿಲೀನ್ ಅನಿಲ ಬಿಡುತ್ತದೆ. ಆ ಶಾಖವನ್ನು ಪ್ರತಿ ಡಬ್ಬಿಯ ಒಳಗಿನಿಂದ ಎತ್ತಿ ತೆಗೆಯಬೇಕು. ರೀಫರ್‌ನಲ್ಲಿ ತಣ್ಣನೆ ಗಾಳಿ ನೆಲದ ಸಾಲು ಸಾಲು ಕಾಲುವೆಗಳಲ್ಲಿ ಹೊರಟು, ಮಾಲಿನ ನಡುವೆ ಮೇಲಕ್ಕೇರಿ, ಚಾವಣಿಯ ಕೆಳಗೆ ಯಂತ್ರಕ್ಕೆ ವಾಪಸಾಗುತ್ತದೆ. ಆದ್ದರಿಂದ ತಾಜಾ ಡಬ್ಬಿಗೆ ಕೆಳಗೂ ಮೇಲೂ ತೂತು ಬೇಕು, ಒಂದರ ಮೇಲೊಂದು ಇಟ್ಟಾಗ ತೂತಿಗೆ ತೂತು ಕೂಡಬೇಕು. ನೆಲ ಪೂರ್ತಿ ಮುಚ್ಚಬೇಕು. ಬಾಗಿಲ ಬಳಿ ಒಂದಡಿ ನೆಲ ಖಾಲಿ ಬಿಟ್ಟರೂ ಗಾಳಿ ಸುಲಭದ ದಾರಿ ಹಿಡಿದು ಅಲ್ಲಿಂದಲೇ ಮೇಲೆ ಹೋಗಿಬಿಡುತ್ತದೆ, ನಡುವಿನ ಪ್ಯಾಲೆಟ್ಟುಗಳು ಬೆವರುತ್ತ ಕೂರುತ್ತವೆ. ಆ ಜಾಗಕ್ಕೆ ರಟ್ಟು ಹಾಸಿ ಮುಚ್ಚಿ. ಹೊರಗಿನ ತಾಜಾ ಗಾಳಿ ಬರುವ ವೆಂಟನ್ನು ಹಣ್ಣಿಗೆ ತಕ್ಕಷ್ಟು ತೆರೆದಿಡಬೇಕು.

ಫ್ರೋಜನ್ ಮಾಲು ಉಸಿರಾಡುವುದಿಲ್ಲ. ಅದಕ್ಕೆ ಬೇಕಿರುವುದು ಗೋಡೆಯಿಂದ ಒಳನುಗ್ಗುವ ಶಾಖವನ್ನು ತಡೆಯುವುದಷ್ಟೇ. ಡಬ್ಬಿಗೆ ತೂತು ಬೇಡ, ಡಬ್ಬಿ ಡಬ್ಬಿ ನಡುವೆ ಸಂದು ಬೇಡ, ಇಟ್ಟಿಗೆ ಜೋಡಿಸಿದ ಹಾಗೆ ಒತ್ತಾಗಿ ಪೇರಿಸಿ, ವೆಂಟು ಪೂರ್ತಿ ಮುಚ್ಚಿ. ಗಾಳಿ ಸುತ್ತಲೂ ಹರಿದರೆ ಸಾಕು. ಎರಡಕ್ಕೂ ಸಮಾನವಾದ ನಿಯಮವೊಂದಿದೆ: ಒಳಗೋಡೆಯ ಮೇಲಿನ ಕೆಂಪು ಗೆರೆ ದಾಟಿ ಪೇರಿಸಬಾರದು. ಅದನ್ನು ದಾಟಿದರೆ ವಾಪಸು ಹೋಗುವ ಗಾಳಿಯ ದಾರಿಯೇ ಕಟ್ಟುತ್ತದೆ.

ಸ್ಟಫಿಂಗ್ ದಿನ, ಅಂದರೆ ಕಂಟೇನರ್ ತುಂಬುವ ದಿನ, ನಾನು ಮೊದಲು ನೋಡುವುದು ಥರ್ಮಾಮೀಟರು. ತುರ್ಭೆಯ ಪ್ಯಾಕ್‌ಹೌಸಿನಲ್ಲಿ ಪ್ಯಾಲೆಟ್ಟಿನ ಹೊರಸಾಲಿನ ಡಬ್ಬಿಯನ್ನು ಬಿಟ್ಟು ನಡುವಿನದನ್ನು ಎಳೆಸುತ್ತೇವೆ. ದ್ರಾಕ್ಷಿ ಗೊಂಚಲಿನ ಒಳಗಿನ ಒಂದು ಕಾಳಿಗೆ ಸೂಜಿ ಚುಚ್ಚಿ ಅಂಕಿ ನಿಲ್ಲುವವರೆಗೆ ಕಾಯುತ್ತೇವೆ. ಹೊರಸಾಲು ಸೊನ್ನೆ ತೋರಿಸಿ ನಡುವಿನದು 4 ತೋರಿಸುವುದು ಸಾಮಾನ್ಯ. ಆಗ ಹುಡುಗರು "ಸರ್, ಕಂಟೇನರ್‌ನಲ್ಲಿ ಇಳಿಯುತ್ತೆ" ಅನ್ನುತ್ತಾರೆ. ಇಳಿಯುವುದಿಲ್ಲ. ಇಳಿದರೂ ಎಷ್ಟೋ ದಿನ ಹಿಡಿದು, ಅಷ್ಟರಲ್ಲಿ ತೊಟ್ಟು ಒಣಗಿ ಕಂದಾಗಿರುತ್ತದೆ. ಪ್ರೀಕೂಲಿಂಗ್ ಕೋಣೆಗೆ ವಾಪಸು ಕಳಿಸುವುದೇ ದಾರಿ, ಗಾಡಿಯವನು ಎಷ್ಟೇ ಅವಸರ ಮಾಡಲಿ. ಮೀನಿನ ಬ್ಲಾಕ್ ಆದರೆ ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು ನಡುವಿನ ಉಷ್ಣಾಂಶ ನೋಡುತ್ತಾರೆ, ಅಲ್ಲಿ ಮೈನಸ್ 18 ಬಂದಿರಬೇಕು.

ಮುಂಬೈಯ ಹವೆಗೆ ಸಂಬಂಧಿಸಿದ ಎಚ್ಚರಿಕೆಯೂ ಒಂದಿದೆ. ಖಾಲಿ ಕಂಟೇನರನ್ನು ಮೊದಲೇ ತಣ್ಣಗೆ ಮಾಡಿಟ್ಟು, ಬಯಲಿನಲ್ಲಿ ಬಾಗಿಲು ತೆರೆದು ತುಂಬುವವರು ಬಹಳ. ಜೂನ್, ಜುಲೈಯ ಒದ್ದೆ ಗಾಳಿ ಒಳನುಗ್ಗಿದ ಕೂಡಲೇ ಗೋಡೆಯಲ್ಲೆಲ್ಲ ನೀರು ಇಳಿಯುತ್ತದೆ, ಯಂತ್ರದ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ, ಡಬ್ಬಿಯ ರಟ್ಟು ಮೆತ್ತಗಾಗುತ್ತದೆ. ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಸೀಲ್ ಆಗಿ ಕೂರುವ ಡಾಕ್ ಇದ್ದರೆ ಮಾತ್ರ ಮೊದಲೇ ತಣ್ಣಗೆ ಮಾಡಿ. ಇಲ್ಲದಿದ್ದರೆ ಯಂತ್ರ ಆಫ್ ಮಾಡಿ, ಬೇಗ ತುಂಬಿ, ಬಾಗಿಲು ಹಾಕಿ ಆನ್ ಮಾಡಿ.

ಬೆಳೆಗಾರರು ಕೇಳುವ ಇನ್ನೊಂದು ಪ್ರಶ್ನೆ: ಕಂಟೇನರನ್ನು ವಿಜಯಪುರಕ್ಕೇ ತರಿಸಬೇಕೋ, ರೀಫರ್ ಲಾರಿಯಲ್ಲಿ ವಾಶಿಗೆ ತಂದು ಇಲ್ಲಿ ತುಂಬಬೇಕೋ? ಒಂದು ಕಂಟೇನರ್ ಪೂರ್ತಿ ತುಂಬುವಷ್ಟು ಮಾಲು, ಅಲ್ಲೇ ಪ್ರೀಕೂಲಿಂಗ್ ಇದ್ದರೆ ಕಂಟೇನರನ್ನೇ ತರಿಸಿ. ಜೆನ್‌ಸೆಟ್ಟಿನ ಬಾಡಿಗೆ, ಡೀಸೆಲ್ ಹೆಚ್ಚು ಬೀಳುತ್ತದೆ, ನಿಜ. ಆದರೆ ಹಣ್ಣು ಒಮ್ಮೆ ತಣ್ಣಗಾದ ಮೇಲೆ ಮತ್ತೆ ಹೊರಗಾಳಿ ಕಾಣಬಾರದು, ಇಳಿಸಿ ಏರಿಸುವಾಗ ಅದು ಕಂಡೇ ಕಾಣುತ್ತದೆ.

ತಿಂಡಿ ಮತ್ತು ಮೀನು

ಹೋಟೆಲಿನವರಿಗೆ ಆಯ್ಕೆ ಸುಲಭ, ಫ್ರೋಜನ್ ಒಂದೇ ದಾರಿ. ತಾಜಾ ದೋಸೆ ಹಿಟ್ಟನ್ನು ಎಷ್ಟು ತಣ್ಣಗೆ ಇಟ್ಟರೂ ಅದು ಹುಳಿಯುತ್ತಲೇ ಇರುತ್ತದೆ, ವಾರದಲ್ಲಿ ಪೊಟ್ಟಣ ಉಬ್ಬುತ್ತದೆ. ಅಮೆರಿಕದಲ್ಲಿ ಹಿಟ್ಟು ಮಾರಬೇಕಾದರೆ ಅಲ್ಲೇ ರುಬ್ಬಬೇಕು. ಇಡ್ಲಿ, ಪರೋಟ, ವಡೆ, ಹೋಳಿಗೆ ಫ್ರೀಜ್‌ಗೆ ಒಗ್ಗುವಂಥವು. ತೆಂಗಿನ ಹಾಲಿನ ಗಸಿ ಕರಗಿದಾಗ ಒಡೆದು ನೀರು ಬೇರೆ, ಜಿಡ್ಡು ಬೇರೆ ಆಗುತ್ತದೆ. ಸಾಗುವಿನ ಆಲೂಗಡ್ಡೆ ಹೋಳು ಸ್ಪಂಜಿನಂತಾಗುತ್ತದೆ. ಪಾಕ ಬದಲಿಸದೆ ಹೋಟೆಲಿನ ರುಚಿಯನ್ನೇ ಡಬ್ಬಿಗೆ ಹಾಕಿ ಕಳಿಸುತ್ತೇನೆ ಎಂದರೆ ಆಗುವುದಿಲ್ಲ.

ಹೇಗೆ ಫ್ರೀಜ್ ಮಾಡುತ್ತೀರಿ ಎಂಬುದು ಇನ್ನೂ ಮುಖ್ಯ. ಅಂಗಡಿಯ ಡೀಪ್ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟರೆ ನಿಧಾನ ಹೆಪ್ಪುಗಟ್ಟಿ ದೊಡ್ಡ ದೊಡ್ಡ ಹರಳು ಬೆಳೆಯುತ್ತವೆ, ಅವು ತಿಂಡಿಯ ಮೈಯನ್ನು ಸೀಳುತ್ತವೆ. ಮೈನಸ್ 35, 40 ಡಿಗ್ರಿಯ ಗಾಳಿ ಬೀಸುವ ಬ್ಲಾಸ್ಟ್ ಫ್ರೀಜರಿನಲ್ಲಿ ಹರಳು ಸಣ್ಣದಾಗಿರುತ್ತದೆ, ಆವಿಯಲ್ಲಿಟ್ಟಾಗ ಇಡ್ಲಿ ಮತ್ತೆ ಮೆತ್ತಗಾಗುತ್ತದೆ. ಸ್ವಂತ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ತಳೋಜಾ ಕಡೆಯ ಘಟಕಗಳಲ್ಲಿ ಬಾಡಿಗೆಗೆ ಫ್ರೀಜ್ ಮಾಡಿಸಿ ನೋಡಿ. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಮಾಲನ್ನು ಗುರುತಿಸುವುದು ಕಷ್ಟವಲ್ಲ: ಬಿಡಿಬಿಡಿಯಾಗಿರಬೇಕಾದ ಕಾಳು ಮುದ್ದೆಯಾಗಿರುತ್ತದೆ, ಪೊಟ್ಟಣದೊಳಗೆ ಮಂಜಿನ ಪುಡಿ ತುಂಬಿರುತ್ತದೆ.

ಗೋವಾ, ಕಾರವಾರ ಕಡೆಯ ಮೀನಿನವರಿಗೆ ತಾಜಾ ಮತ್ತು ಹಡಗು ಎರಡೂ ಕೂಡಿಬರುವುದಿಲ್ಲ. ಐಸಿನಲ್ಲಿಟ್ಟ ಮೀನಿಗೆ ಎರಡು ವಾರ ಗಡಿ, ಅದು ವಿಮಾನದ ಮಾಲು. ಹಡಗಿಗೆ ಫ್ರೋಜನ್. ಅದರಲ್ಲೂ ಬೊಂಡಾಸ್ (ಸ್ಕ್ವಿಡ್), ಸಿಗಡಿಯಂಥವನ್ನೂ ಬಂಗುಡೆ, ತಾರ್ಲೆಯಂಥ ಕೊಬ್ಬಿನ ಮೀನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೊಬ್ಬು ಮೈನಸ್ 18ರಲ್ಲೂ ಮೆಲ್ಲಗೆ ಕಮಟುತ್ತದೆ. ಬಂಗುಡೆಯನ್ನು ತಿಂಗಳುಗಟ್ಟಲೆ ಗೋದಾಮಿನಲ್ಲಿಟ್ಟು ದರ ಏರಲಿ ಎಂದು ಕಾಯುವುದು ಒಳ್ಳೆಯದಲ್ಲ. ಮರ್ಮಗೋವಾದಲ್ಲಿ ಕಂಟೇನರ್ ಹಡಗುಗಳು ಕಡಿಮೆ. ಮಡಗಾಂವದಿಂದ ರಸ್ತೆಯಲ್ಲಿ ನ್ಹಾವಾ ಶೇವಾಕ್ಕಿಂತ ಮಂಗಳೂರು ಹತ್ತಿರ, ಆದರೆ ನ್ಹಾವಾ ಶೇವಾದಲ್ಲಿ ಸಿಗುವಷ್ಟು ನೇರ ಹಡಗು ಅಲ್ಲಿ ಸಿಗುವುದಿಲ್ಲ. ಫ್ರೋಜನ್ನಿಗೆ ನಾಲ್ಕು ದಿನ ತಡವಾದರೆ ನಷ್ಟವಿಲ್ಲ, ಹಾಗಾಗಿ ಎರಡೂ ಕಡೆಯ ದರ ತರಿಸಿ ನೋಡಿ.

ಯಾವ ಪೆಟ್ಟಿಗೆ, ಎಷ್ಟು ದೊಡ್ಡದು

40 ಅಡಿಯ ಹೈ ಕ್ಯೂಬ್ ರೀಫರ್‌ನಲ್ಲಿ ಸುಮಾರು 67 ಘನ ಮೀಟರ್ ಜಾಗ, 20 ಅಡಿಯದರಲ್ಲಿ 28ರ ಹತ್ತಿರ. ಆದರೆ 20 ಅಡಿಯ ಬಾಡಿಗೆ 40ರ ಅರ್ಧ ಇರುವುದಿಲ್ಲ, ಸಿಗುವುದೂ ಕಷ್ಟ. ಮೀನು ಭಾರದ ಮಾಲು, 20 ಅಡಿಗೂ ಲೆಕ್ಕ ಹೊಂದುತ್ತದೆ. ಇಡ್ಲಿ, ಪರೋಟ ಹಗುರ, ತೂಕಕ್ಕೆ ಮೊದಲು ಜಾಗ ಮುಗಿಯುತ್ತದೆ, ಅದಕ್ಕೆ 40 ಅಡಿಯೇ ಸರಿ. ಒಂದು ಪೂರ್ತಿ ಕಂಟೇನರ್ ತುಂಬದವರು ಹಂಚಿಕೊಳ್ಳುವ ರೀಫರ್ ಕೇಳುತ್ತಾರೆ. ಫ್ರೋಜನ್ನಿಗೆ ಅದು ನಡೆಯುತ್ತದೆ, ಎಲ್ಲರದ್ದೂ ಮೈನಸ್ 18 ತಾನೆ. ತಾಜಾಕ್ಕೆ ನಾನು ಬೇಡವೆನ್ನುತ್ತೇನೆ. ಸೊನ್ನೆಯ ದ್ರಾಕ್ಷಿ, 5ರ ದಾಳಿಂಬೆ, 13ರ ಬಾಳೆ ಒಂದೇ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಉಷ್ಣಾಂಶ ಹೊಂದಿದರೂ ಮಾಗುವ ಹಣ್ಣಿನ ಎಥಿಲೀನು ಪಕ್ಕದ ಕಾಯಿಪಲ್ಲೆಯನ್ನು ಹಣ್ಣಾಗಿಸುತ್ತದೆ, ದ್ರಾಕ್ಷಿಯ ಪ್ಯಾಡಿನ ಗಂಧಕ ಬೇರೆ ಹಣ್ಣಿಗೆ ಕಲೆ ಹಾಕುತ್ತದೆ.

ಆಮ್ಲಜನಕ ತಗ್ಗಿಸಿ ಹಣ್ಣನ್ನು ನಿದ್ದೆಗೆ ದೂಡುವ ಕಂಟ್ರೋಲ್ಡ್ ಅಟ್ಮಾಸ್ಫಿಯರ್ ಕಂಟೇನರಿಗೆ ಬಾಡಿಗೆ ಹೆಚ್ಚು. ಬಾಳೆ, ಮಾವಿಗೆ ದೂರದ ದಾರಿಯಲ್ಲಿ ಅದರಿಂದ ಉಪಯೋಗವಿದೆ. ದುಬೈಗೆ ಬೇಕಿಲ್ಲ, ದ್ರಾಕ್ಷಿಗೂ ಸಾಮಾನ್ಯವಾಗಿ ಬೇಕಿಲ್ಲ.

ಇನ್ನು ಮಾವಿನ ತಿರುಳು. ಸ್ಟೆರೈಲ್ ಮಾಡಿ ಚೀಲಕ್ಕೋ ಡಬ್ಬಿಗೋ ತುಂಬಿದ ತಿರುಳು ಸಾಮಾನ್ಯ ಕಂಟೇನರಿನಲ್ಲಿ ಕರೆಂಟಿಲ್ಲದೆ ಹೋಗುತ್ತದೆ. ಆಪೂಸನ್ನು ಹಡಗಿನಲ್ಲಿ ಯುರೋಪಿಗೆ ಮುಟ್ಟಿಸಲೇಬೇಕು ಎನ್ನುವವರಿಗೆ ನಾನು ತೋರಿಸುವ ಮೊದಲ ದಾರಿ ಅದೇ.

ಕಾಗದ, ವಿಮೆ, ಬುಕಿಂಗ್

ತಾಜಾ ಹಣ್ಣು, ತರಕಾರಿಗೆ ಕೀಟ, ರೋಗ ಇಲ್ಲವೆಂದು ಹೇಳುವ ಫೈಟೋಸ್ಯಾನಿಟರಿ ಪ್ರಮಾಣಪತ್ರ ಬೇಕು, ಯುರೋಪಿಗೆ ಹೋಗುವ ದ್ರಾಕ್ಷಿಗೆ ತೋಟವೇ ಎಪಿಡಾದ ಆನ್‌ಲೈನ್ ದಾಖಲೆಯಾದ ಗ್ರೇಪ್‌ನೆಟ್‌ನಲ್ಲಿ ನೋಂದಣಿಯಾಗಿರಬೇಕು. 2010ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಸಿಕ್ಕಿ ನಮ್ಮ ದ್ರಾಕ್ಷಿ ಯುರೋಪಿನಲ್ಲಿ ಸಿಕ್ಕಿಬಿದ್ದದ್ದನ್ನು ಹಳಬರು ಮರೆತಿಲ್ಲ. 2014ರ ಮೇ ತಿಂಗಳಿಂದ ಹಣ್ಣುನೊಣದಂಥ ಕೀಟಗಳ ಕಾರಣಕ್ಕೆ ಮಾವು ಮತ್ತು ಕೆಲವು ತರಕಾರಿಗಳನ್ನೇ ಯುರೋಪು ನಿಲ್ಲಿಸಿತ್ತು, ಮಾವಿನ ಮೇಲಿನ ನಿಷೇಧ ತೆರವಾದದ್ದು 2015ರಲ್ಲಿ. ಫ್ರೋಜನ್ನಿನ ತೊಡಕು ಲೇಬಲ್ಲಿನಲ್ಲಿ. ಅಮೆರಿಕಕ್ಕಾದರೆ ನಿಮ್ಮ ಅಡುಗೆ ಘಟಕ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎದಲ್ಲಿ ನೋಂದಣಿಯಾಗಿರಬೇಕು, ಹಡಗು ಮುಟ್ಟುವ ಕನಿಷ್ಠ 8 ಗಂಟೆ ಮೊದಲು ಮುನ್ಸೂಚನೆ ಸಲ್ಲಿಸಬೇಕು. 2023ರ ಜನವರಿಯಿಂದ ಎಳ್ಳನ್ನೂ ಅಲರ್ಜಿ ಪಟ್ಟಿಯಲ್ಲಿ ಸೇರಿಸಿದ್ದಾರೆ. ಎಳ್ಳು ಹೋಳಿಗೆಯನ್ನೋ ಎಳ್ಳು ಹಾಕಿದ ಚಟ್ನಿಪುಡಿ ಸವರಿದ ಇಡ್ಲಿಯನ್ನೋ ಕಳಿಸುವವರು ಲೇಬಲ್ಲಿನಲ್ಲಿ ಅದನ್ನು ನಮೂದಿಸಲೇಬೇಕು. ಯುರೋಪಿಗೆ ಮೀನು ಕಳಿಸಲು ಅಲ್ಲಿನ ಮಾನ್ಯತೆ ಪಡೆದ ಘಟಕದಲ್ಲೇ ಸಂಸ್ಕರಿಸಬೇಕು, ಜೊತೆಗೆ ಹಿಡಿದ ದೋಣಿಯ ವಿವರವಿರುವ ಕ್ಯಾಚ್ ಸರ್ಟಿಫಿಕೇಟ್ ಬೇಕು.

ಬುಕಿಂಗ್ ಪತ್ರದಲ್ಲಿ ಉಷ್ಣಾಂಶವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, "ಮೈನಸ್ ಹದಿನೆಂಟು ಸೆಲ್ಸಿಯಸ್" ಎಂದು. ಮೈನಸ್ ಗುರುತು ಬಿಟ್ಟುಹೋಗಿ, ಸೆಲ್ಸಿಯಸ್ ಫ್ಯಾರನ್‌ಹೀಟ್ ಅದಲುಬದಲಾಗಿ ಮಾಲು ಹಾಳಾಗುವುದು ಈ ವ್ಯಾಪಾರದಲ್ಲಿ ಎಲ್ಲ ದೇಶಗಳಲ್ಲೂ ಇದ್ದದ್ದೇ. ವೆಂಟು ತೆರೆದಿರಬೇಕೋ ಮುಚ್ಚಿರಬೇಕೋ ಅದನ್ನೂ ಬರೆಸಿ. ಕಂಟೇನರ್ ಗೇಟಿಗೆ ಬಂದಾಗ ಪಿಟಿಐ (ಹೊರಡುವ ಮೊದಲಿನ ಯಂತ್ರದ ತಪಾಸಣೆ) ಆದ ತಾರೀಖು ನೋಡಿ, ಯಂತ್ರದ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ.

ದರ ಹೇಳುವಾಗ ಮೊದಲ ಸಲದವರು ಎಫ್‌ಒಬಿ (ಹಡಗಿಗೆ ಹತ್ತಿಸುವವರೆಗಿನ ದರ) ಹೇಳುವುದು ವಾಸಿ, ಹಡಗಿನ ಬಾಡಿಗೆ ಏರಿದರೆ ಅದು ಖರೀದಿದಾರನ ತಲೆನೋವು. ಆದರೆ ಆಗ ಹಡಗಿನ ಆಯ್ಕೆಯೂ ಅವನದ್ದೇ. ಅಗ್ಗದ ಸುತ್ತುದಾರಿ ಹಿಡಿದು ದ್ರಾಕ್ಷಿ ಹಾಳಾದರೂ ಅವನು ಬೊಟ್ಟು ಮಾಡುವುದು ನಿಮ್ಮ ಹಣ್ಣನ್ನೇ. ತಾಜಾ ಮಾಲಿಗೆ, ಸ್ವಲ್ಪ ಅನುಭವವಾದ ಮೇಲೆ, ಹಡಗನ್ನು ನೀವೇ ಆರಿಸುವ ಸಿಐಎಫ್ (ಬಾಡಿಗೆ, ವಿಮೆ ಸೇರಿದ ದರ) ಒಳ್ಳೆಯದು. ಫ್ರೋಜನ್ನಿಗೆ ಯಾವುದಾದರೂ ಸರಿ. ವಿಮೆ ಕೊಳ್ಳುವಾಗ ಪಾಲಿಸಿಯ ಒಳಷರತ್ತು ಓದಿ. ಹಲವು ಪಾಲಿಸಿಗಳಲ್ಲಿ ಕೂಲಿಂಗ್ ಯಂತ್ರ ಸತತ 24 ಗಂಟೆ ಕೆಟ್ಟು ನಿಂತರಷ್ಟೇ ಪರಿಹಾರ. ತಡವಾಗಿ ಬಂದು ಹಣ್ಣು ಮಾಗಿಹೋದರೆ ಅದಕ್ಕೆ ಪರಿಹಾರವಿಲ್ಲ. ಆಫ್ರಿಕಾ ಸುತ್ತುವ ದಾರಿಯಲ್ಲಿ ನಷ್ಟ ಬರುವುದು ಆ ಎರಡನೆಯ ಬಗೆಯಲ್ಲೇ ಹೆಚ್ಚು.

ಮಾಲು ಕೆಟ್ಟಿದೆ ಎಂದು ಆ ಕಡೆಯಿಂದ ಫೋಟೊ ಬಂದರೆ ಜಗಳಕ್ಕೆ ಇಳಿಯುವ ಮೊದಲು ಎರಡು ಕೆಲಸ ಮಾಡಿಸಿ. ಹೊರಗೆ ಕಾಣದ ಹಾನಿಯಾದರೆ ಡೆಲಿವರಿಯಾದ 3 ದಿನದೊಳಗೆ ಹಡಗು ಕಂಪನಿಗೆ ಲಿಖಿತ ನೋಟಿಸು ಕೊಡಲು ಖರೀದಿದಾರನಿಗೆ ಹೇಳಿ. ಖಾಲಿ ಕಂಟೇನರ್ ವಾಪಸು ಹೋಗುವ ಮೊದಲೇ ಅದರ ಡೇಟಾ ಲಾಗರ್ ಇಳಿಸಿಕೊಡುವಂತೆ ಪತ್ರ ಬರೆಸಿ. ಗಂಟೆ ಗಂಟೆಗೆ ಒಳಗಿನ ಗಾಳಿ ಎಷ್ಟಿತ್ತು, ಎಲ್ಲಿ ಕರೆಂಟು ತಪ್ಪಿತು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ನೀವು ಸ್ಟಫಿಂಗ್ ದಿನ ಬರೆದಿಟ್ಟ ಕಾಳಿನ ಉಷ್ಣಾಂಶದ ಚೀಟಿಯನ್ನು ಅದರ ಜೊತೆಗಿಟ್ಟರೆ ತಪ್ಪು ಯಾವ ಕೈಯಲ್ಲಿ ಆಯಿತೆಂದು ಹಾನಿ ಪರಿಶೀಲಿಸುವ ಸರ್ವೇಯರನಿಗೆ ತಿಳಿಯುತ್ತದೆ.